ಉಪ್ಪಿನ ಮನೆಯ ಎರಡು ಕುರ್ಚಿಗಳು

ವಾಟಿ ಸತ್ತ ಮಾರನೆಯ ದಿನ ಎಫಿ ಎಂದಿನಂತೆಯೇ ಎದ್ದಳು. ಒಲೆಯ ಬೂದಿ ತೆಗೆದಳು, ಬೆಕ್ಕಿಗೆ ಹಾಲಿಟ್ಟಳು, ಬಕೆಟ್ಟು ತಂದು ಬಾಗಿಲ ಮುಂದಿನ ಮೆಟ್ಟಿಲು ತೊಳೆದಳು. ಅಳು ಬರುತ್ತದೇನೋ ಎಂದು ನಡುನಡುವೆ ನಿಂತು ನೋಡಿದಳು. ಬರಲಿಲ್ಲ. ತೊಳೆದ ನೀರು ಓಣಿಯ ಇಳಿಜಾರಿನಲ್ಲಿ ಬಂದರಿನ ಕಡೆಗೆ ಹರಿದುಹೋಯಿತು. ನೀರು ತಣ್ಣಗೆ ಕೊರೆಯುತ್ತಿತ್ತೆಂದು ಅವಳಿಗೆ ತಿಳಿದದ್ದು ಕೆಂಪಾದ ತನ್ನ ಬೆರಳುಗಳನ್ನು ಕಂಡ ಮೇಲೆ.

"ಏನೇ ಹುಡುಗಿ, ಗಂಡ ಸತ್ತ ಮನೆ ಮೆಟ್ಟಿಲು ಹೀಗೆ ಫಳಫಳ ಅಂದ್ರೆ ಜನ ಏನಂತಾರೆ?"

ಓಣಿಯ ಮೇಲ್ತುದಿಯಿಂದ ಟೀನಾ ಬರುತ್ತಿದ್ದಳು. ಟೀನಾ ವಾಟಿಯ ಅಕ್ಕ, ಮದುವೆಯಾದವಳಲ್ಲ. ಪ್ರಾಯವೆಲ್ಲ ಹೆರಿಂಗ್ ಮೀನಿನ ಹೊಟ್ಟೆ ಸೀಳುವುದರಲ್ಲಿ ಕಳೆದು, ಈಗ ಒಂದು ಮೊಣಕಾಲು ಮಾತು ಕೇಳದೆ ಕುಂಟುತ್ತಿದ್ದಳು. ಎಫಿಗೆ ಅರವತ್ತು ದಾಟಿದ್ದರೂ ಟೀನಾಳಿಗೆ ಅವಳಿನ್ನೂ ಹುಡುಗಿಯೇ.

"ಕೊಳಕಾಗಿದ್ರೆ ಏನಂತಾರೆ?" ಎಂದಳು ಎಫಿ.

"ಅದಕ್ಕೂ ಅಂತಾರೆ. ಒಳಗೆ ನಡಿ."

ಒಳಗೆ ಟೀನಾ ತಾನೇ ಕೆಟಲ್ ಇಟ್ಟಳು. ನಾಲ್ಕು ಊರಿಗೆ ಸೇರಿ ಇರುವವರು ಒಬ್ಬರೇ ಪಾದ್ರಿ. ಮಣ್ಣು ಮಾಡಿಸಲು ಅವರಿಗೆ ಬಿಡುವಿದ್ದುದು ಶನಿವಾರ ಬೆಳಿಗ್ಗೆ ಮಾತ್ರ. ಅದನ್ನೂ ಟೀನಾ ಆಗಲೇ ಮಾತಾಡಿ ಮುಗಿಸಿದ್ದಳು.

"ವಾಟಿ ಶುಕ್ರವಾರ ರಾತ್ರಿ ಉಪ್ಪಿನ ಮನೇಲಿ ಇರ್ತಾನೆ. ಶನಿವಾರ ಬೆಳಿಗ್ಗೆ ಗುಡ್ಡಕ್ಕೆ, ಮಣ್ಣಿಗೆ."

"ಶನಿವಾರ ಉಪ್ಪಿನ ಮನೇಲಿ ಮದುವೆ ಇದೆ, ಟೀನಾ."

"ಯಾರದ್ದೇ?"

"ಪೆಲಮ್ ಅವರ ಮಗಳದ್ದು, ಆ ಬಿಳೀ ಮನೆಯವರು. ಶುಕ್ರವಾರ ಮಧ್ಯಾಹ್ನದಿಂದಲೇ ಅಲಂಕಾರಕ್ಕೆ ಬರ್ತಾರೆ. ಬೀಗದ ಕೈ ನನ್ನ ಹತ್ರ ತಾನೇ ಇರೋದು, ದಿನ ಕೊಟ್ಟಿದ್ದೂ ನಾನೇ."

ಟೀನಾ ಕೆಟಲನ್ನು ಕೈಯಲ್ಲಿ ಹಿಡಿದವಳು ಹಾಗೆಯೇ ನಿಂತಳು. "ಅವನಿಗೆ ಮಾತು ಕೊಟ್ಟಿದ್ದೂ ನೀನೇ," ಎಂದಳು.

ಹೌದು, ಕೊಟ್ಟಿದ್ದಳು.

ಪೋರ್ಟ್‌ಸ್ಕೆಲ್ ಬಂದರಿನ ಬಾಯಲ್ಲಿ ಅಲೆಗೆ ಬೆನ್ನುಕೊಟ್ಟು ನಿಂತ ಕಲ್ಲಿನ ಕಟ್ಟಡ ಉಪ್ಪಿನ ಮನೆ. ಎಫಿಯ ಮುತ್ತಜ್ಜನಿಗೂ ಹಿಂದಿನ ಕಾಲದಲ್ಲಿ ಹಡಗಿನಿಂದಿಳಿಸಿದ ಉಪ್ಪನ್ನು ಅದರಲ್ಲಿ ರಾಶಿ ಹಾಕುತ್ತಿದ್ದರು. ಹೆರಿಂಗ್‌ಗೆ ಹಾಕುವ ಉಪ್ಪು. ಆಮೇಲೆ ಅಲ್ಲಿ ಪೀಪಾಯಿ ಇಟ್ಟರು, ಬಲೆ ಒಣಗಿಸಿದರು, ಕೊನೆಗೆ ಬೀಗ ಜಡಿದು ಪಾರಿವಾಳಗಳಿಗೆ ಬಿಟ್ಟರು. ಉಪ್ಪು ಖಾಲಿಯಾಗಿ ನೂರು ವರ್ಷ ಕಳೆದರೂ ಗೋಡೆ ಅದನ್ನು ಮರೆತಿರಲಿಲ್ಲ. ಮೋಡದ ದಿನಗಳಲ್ಲಿ ಕಲ್ಲಿನ ಸಂದಿಯಿಂದ ಬಿಳಿ ಪುಡಿ ಅರಳಿ ಬರುತ್ತಿತ್ತು. ಹೊರಗಿನಿಂದ ಬಂದು ನೆಲೆಸಿದವರು ಸಂಘ ಕಟ್ಟಿ, ಹಣ ತಂದು, ಕಟ್ಟಡ ರಿಪೇರಿ ಮಾಡಿಸಿ ಎರಡು ಸಲ ಸುಣ್ಣ ಬಳಿಸಿದರು. ಎರಡು ಸಲವೂ ಅದು ಹಪ್ಪಳದಂತೆ ಎದ್ದು ಬಂತು. ಬಿದ್ದದ್ದನ್ನು ಗುಡಿಸುವ ಕೆಲಸ ಎಫಿಯದು.

ಊರಿನವರಿಗೆ ಆ ಕಟ್ಟಡದ ಉಪಯೋಗ ಇನ್ನೊಂದಿತ್ತು. ಮೀನುಗಾರರ ಮನೆಗಳ ಮೆಟ್ಟಿಲು ಬಳ್ಳಿಯಂತೆ ಸುತ್ತಿಕೊಂಡು ಹತ್ತುತ್ತವೆ. ಶವಪೆಟ್ಟಿಗೆ ಆ ತಿರುವಿನಲ್ಲಿ ಹೊರಳುವುದಿಲ್ಲ. ಹಾಗಾಗಿ ಸತ್ತವರು ಮಣ್ಣಿಗೆ ಹೋಗುವ ಹಿಂದಿನ ರಾತ್ರಿಯನ್ನು ಉಪ್ಪಿನ ಮನೆಯಲ್ಲಿ ಕಳೆಯುತ್ತಿದ್ದರು. ವಾಟಿಯ ಅಪ್ಪ, ಅಜ್ಜ, ಅವರಪ್ಪ ಎಲ್ಲರೂ ಅಲ್ಲಿ ಮಲಗಿಯೇ ಗುಡ್ಡ ಹತ್ತಿದವರು. ರಿಪೇರಿಯಾದ ಮೇಲೆ ಮಾತ್ರ ಯಾರನ್ನೂ ಅಲ್ಲಿ ಇಟ್ಟಿರಲಿಲ್ಲ. ಬೇಡ ಎಂದವರೂ ಇಲ್ಲ, ಕೇಳಿದವರೂ ಇಲ್ಲ. ಸಂಘದ ಸಭೆಯಲ್ಲಿ ವಾಟಿ ಒಮ್ಮೆ ಎದ್ದು ನಿಂತು, "ಮದುವೆ, ಚಿತ್ರ ಪ್ರದರ್ಶನ, ಯೋಗ ಎಲ್ಲ ಸರಿ. ನಾನು ಸತ್ರೆ ನನ್ನ ಎಲ್ಲಿಡ್ತೀರಿ?" ಎಂದಿದ್ದ. ಎಲ್ಲರೂ ನಕ್ಕಿದ್ದರು. ಉದ್ದ ಕಾಲಿನ ಆ ಮನೆತನಕ್ಕೆ ಊರಿಟ್ಟ ಹೆಸರು ಕೊಕ್ಕರೆ. 'ಕೊಕ್ಕರೆ ವಾಟಿ ಕೊಕ್ಕಿಗೆ ಬಂದದ್ದು ಹೇಳ್ತಾನೆ' ಎಂದುಕೊಂಡರು. ಮನೆಗೆ ನಡೆದು ಬರುವಾಗ ವಾಟಿ ನಗುತ್ತಿರಲಿಲ್ಲ. "ಎಫಿ, ನಮ್ಮಪ್ಪನಿಗೆ ಮಾಡಿದ ಹಾಗೇ ನಂಗೂ ಮಾಡ್ಬೇಕು. ಒಂದೂ ಬಿಡಬಾರದು," ಎಂದಿದ್ದ. "ಆಗ್ಲಿ," ಎಂದಿದ್ದಳು ಎಫಿ.

ಈಗ ಅವಳ ತಲೆಯಲ್ಲಿ ಉಳಿದಿದ್ದದ್ದು ಆ ಒಂದು ಮಾತು ಮಾತ್ರ. ಮಿಕ್ಕದ್ದೆಲ್ಲ ಹತ್ತಿ ತುಂಬಿದ ಹಾಗೆ. ಜನ ಬಂದು ಕೈ ಹಿಡಿದರು, ಹೊಗೆಮೀನಿನ ಸಾರು ತಂದಿಟ್ಟರು, ಅತ್ತರು. ಅವರನ್ನು ಸಮಾಧಾನ ಮಾಡಿ ಕಳಿಸಿದವಳು ಎಫಿಯೇ.

*

ಬಿಳೀ ಮನೆಯ ಬಾಗಿಲು ತೆರೆದ ಮಿಸೆಸ್ ಪೆಲಮ್ ಕೈಯಲ್ಲಿ ರಿಬ್ಬನ್ನಿನ ಸುರುಳಿಯಿತ್ತು. ಎಫಿಯನ್ನು ಕಂಡವರೇ ಅದನ್ನು ಬೆನ್ನ ಹಿಂದೆ ಸರಿಸಿದರು.

"ಅಯ್ಯೋ ಎಫಿ, ವಿಷಯ ಕೇಳ್ದೆ. ಬನ್ನಿ ಒಳಗೆ. ಮದುವೆ ಕೆಲಸದ ಬಗ್ಗೆ ನೀವೇನೂ ತಲೆ ಕೆಡಿಸ್ಕೋಬೇಡಿ, ನಾವೇ ಎಲ್ಲ ನೋಡ್ಕೋತೀವಿ."

"ಶುಕ್ರವಾರ ರಾತ್ರಿ ವಾಟಿ ಅಲ್ಲಿರಬೇಕು," ಎಂದಳು ಎಫಿ.

"ಎಲ್ಲಿ?"

"ಉಪ್ಪಿನ ಮನೇಲಿ. ಶನಿವಾರ ಬೆಳಿಗ್ಗೆ ಎತ್ತುತ್ತಾರೆ. ನಿಮ್ಮ ಜನ ಬರೋ ಹೊತ್ತಿಗೆ ನಾನು ಗುಡಿಸಿರ್ತೀನಿ."

ಮಿಸೆಸ್ ಪೆಲಮ್ ಸೋಫಾದ ತುದಿಯಲ್ಲಿ ಕೂತರು. ಕೆಟ್ಟ ಹೆಂಗಸಲ್ಲ. "ಚರ್ಚ್‌ನಲ್ಲಿ ಇಡೋಕೆ ಆಗಲ್ವಾ?"

"ಚರ್ಚ್ ಮಾರಿ ಆಯ್ತಲ್ಲ. ಅದರಲ್ಲಿ ಈಗ ಮಡಕೆ ಮಾಡೋನು ಇದ್ದಾನೆ."

"ಓ, ಹೌದಲ್ಲ. ಅಲ್ಲ ಎಫಿ, ನಮ್ಮ ಮೇಜು, ಬಟ್ಟೆ, ದೀಪ ಎಲ್ಲ ಶುಕ್ರವಾರವೇ... ಅದರ ಮಧ್ಯೆ ಅವರನ್ನ... ತಪ್ಪು ತಿಳ್ಕೋಬೇಡಿ, ಇದು ಮದುವೆ ನೋಡಿ."

"ಅಮ್ಮ, ವಾಟಿ ಅಂದ್ರೆ ಯಾರು ಗೊತ್ತಾಯ್ತಾ?" ಅಡಿಗೆಮನೆಯ ಬಾಗಿಲಿನಿಂದ ಮಗಳು ಟಾಮ್ಸಿನ್ ಇಣುಕಿದಳು. ಕೂದಲಿಗೆ ಟವೆಲ್ ಸುತ್ತಿಕೊಂಡಿದ್ದಳು. "ಏಡಿ ಹಿಡಿಯೋ ಬುಟ್ಟಿ ಮೇಲೆ ಕೂತಿದ್ದಕ್ಕೆ ನಂಗೆ ಬಾಯಿಗೆ ಬಂದ ಹಾಗೆ ಬೈದ್ರಲ್ಲ, ಅವರು. ನಂಗಾಗ ಏಳು ವರ್ಷವೋ ಏನೋ."

"ಬೈದಿರ್ತಾನೆ," ಎಂದಳು ಎಫಿ.

"ಅತ್ಕೊಂಡು ಮನೆಗೆ ಬಂದೆ. ಹಿಂದೇನೇ ಒಂದು ಏಡಿ ತಂದು ಬಾಗಿಲಲ್ಲಿಟ್ಟು ಹೋದ್ರು. ಜೀವ ಇತ್ತು ಅದಕ್ಕೆ! ಅಮ್ಮ ಕುರ್ಚಿ ಹತ್ತಿ ನಿಂತ್ಕೊಂಡಿದ್ಲು."

"ಹತ್ತಿರಲಿಲ್ಲ," ಎಂದರು ಮಿಸೆಸ್ ಪೆಲಮ್.

"ನೀನು ಹತ್ತಿದ್ದೆ." ಟಾಮ್ಸಿನ್ ಎಫಿಯ ಕಡೆ ತಿರುಗಿದಳು. "ಅವರು ಬರ್ಲಿ. ಮೇಜು ಸಂಜೆಯೇ ಜೋಡಿಸ್ತೀವಿ, ಕುರ್ಚಿ ಹೂವು ಎಲ್ಲ ಬೆಳಿಗ್ಗೆ ಅವರು ಹೋದ ಮೇಲೆ. ಇನ್ನೊಂದು ಬೀಗದ ಕೈ ನಂಗೆ ಕೊಟ್ಟಿರಿ."

ಧನ್ಯವಾದ ಹೇಳಬೇಕೆಂದು ಎಫಿಗೆ ಗೊತ್ತಿತ್ತು, ಹೇಳಿದಳು. ಹೊರಗೆ ಬಂದು ಗೇಟು ಹಾಕುವಾಗ, ಈಗ ನೆಮ್ಮದಿ ಆಗಬೇಕಿತ್ತಲ್ಲ ಎಂದುಕೊಂಡಳು. ಗೇಟಿನ ಚಿಲಕ ಬಿದ್ದ ಸದ್ದು ಕೇಳಿಸಿತು. ಒಳಗೆ ಬೇರೇನೂ ಆಗಲಿಲ್ಲ.

*

ಶುಕ್ರವಾರ ಸಂಜೆ ಬಡಗಿ ಅಲಿಕ್ ಇನ್ನೂ ಮೂವರನ್ನು ಕೂಡಿಸಿಕೊಂಡು ವಾಟಿಯನ್ನು ತಂದ. ಊರಿಗೆ ಕಿಟಕಿ ಮಾಡುವವನೂ ಅವನೇ, ಪೆಟ್ಟಿಗೆ ಮಾಡುವವನೂ ಅವನೇ. ಒಳಗೆ ಗೋಡೆಯುದ್ದಕ್ಕೂ ಬಿಳಿ ಬಟ್ಟೆ ಹೊದ್ದ ಮೇಜುಗಳು, ತೊಲೆಯಿಂದ ತೊಲೆಗೆ ಪುಟ್ಟ ದೀಪಗಳ ಸರ.

"ವಾಟಿಗೆ ಇಷ್ಟು ದೊಡ್ಡ ಪಾರ್ಟಿ ಯಾರೂ ಕೊಟ್ಟಿರಲಿಲ್ಲ," ಎಂದ ಅಲಿಕ್.

"ಬಾಯಿ ಮುಚ್ಕೊಂಡು ನಿನ್ನ ಕಡೆ ತುದಿ ಎತ್ತು," ಎಂದಳು ಟೀನಾ.

ಪೆಟ್ಟಿಗೆಯನ್ನು ಇಡುವುದು ಎರಡು ಕುರ್ಚಿಗಳ ಮೇಲೆ, ತಲೆಗೊಂದು ಕಾಲಿಗೊಂದು. ಅಲಿಕ್ ಕಬ್ಬಿಣದ ಸ್ಟ್ಯಾಂಡ್ ತಂದಿದ್ದ. ಟೀನಾ ಅದನ್ನು ಹೊರಗೇ ಇಡಿಸಿದಳು. ಗೋಡೆಗೊರಗಿಸಿದ್ದ ಸಭಾಂಗಣದ ಕುರ್ಚಿಗಳಲ್ಲೇ ಎರಡನ್ನು ತೆಗೆದು ಎದುರುಬದುರು ಹಾಕಿದಳು. "ನೆನಪಿದೆ ತಾನೆ, ಹುಡುಗಿ? ಎತ್ತಿದ ತಕ್ಷಣ ಎರಡೂ ಬೋರಲು. ಹೆಂಡ್ತಿನೇ ಹಾಕ್ಬೇಕು. ಸೂರ್ಯ ಮುಳುಗೋವರೆಗೆ ಯಾರೂ ಎತ್ತಬಾರದು."

"ನೆನಪಿದೆ."

ನೆನಪಿಲ್ಲದೆ ಏನು. ಕುರ್ಚಿ ನೆಟ್ಟಗೇ ಉಳಿದರೆ ಸಾವು ಹಿಂದಿರುಗಿ ಬಂದು ಅದರಲ್ಲಿ ಕೂರುತ್ತದೆ, ವರ್ಷದೊಳಗೆ ಅದೇ ಮನೆಯಿಂದ ಇನ್ನೊಬ್ಬರನ್ನು ಕರೆದುಕೊಂಡು ಏಳುತ್ತದೆ. ಈ ಊರಿನಲ್ಲಿ ಮಕ್ಕಳಿಗೆ ಅಕ್ಷರಕ್ಕಿಂತ ಮೊದಲು ಬರುವ ಪಾಠ ಅದು. ವಾಟಿಯ ಮನೆಯಲ್ಲಿ ಈಗ ಉಳಿದವಳು ಎಫಿಯೊಬ್ಬಳೇ.

ಆ ರಾತ್ರಿ ಅವಳು ಪಕ್ಕದಲ್ಲಿ ಕೂತು ಕಳೆದಳು. ಅಲೆ ಬಂದು ಹಿಂಗೋಡೆಗೆ ಬಡಿದು ಹೋಗುತ್ತಿತ್ತು. ಏನಾದರೂ ಹೇಳಬೇಕೆನಿಸಿ, "ಬೆಕ್ಕು ಊಟ ಮಾಡ್ತಿದೆ," ಎಂದಳು.

ಬೆಳಿಗ್ಗೆ ಊರಿನ ಗಂಡಸರು ಟೊಪ್ಪಿ ಕಳಚಿಕೊಂಡು ಬಂದರು. ಅಲಿಕ್ ತಗ್ಗಿದ ದನಿಯಲ್ಲಿ "ಹಾಂ, ಒಟ್ಟಿಗೆ," ಎಂದ. ಪೆಟ್ಟಿಗೆ ಎದ್ದಿತು, ಬಾಗಿಲು ದಾಟಿತು. ಟೀನಾ ತಮ್ಮನ ತಲೆಯ ಪಕ್ಕದಲ್ಲೇ ನಡೆದುಹೋದಳು. "ನೀವು ನಡೀರಿ, ನಾನು ಬಂದೆ," ಎಂದು ಎಫಿ ಒಳಗೆ ನಿಂತಳು. ಬೂಟಿನ ಸದ್ದು ಬಂದರಿನ ಕಲ್ಲುಹಾಸಿನ ಮೇಲೆ ದೂರವಾಯಿತು.

ನೆಲದ ಮೇಲೆ ಬೂಟಿನ ಮಣ್ಣು, ಗೋಡೆಯಿಂದುದುರಿದ ಬಿಳಿ ಪುಡಿ. ಪೊರಕೆ ಬಾಗಿಲ ಹಿಂದೆ ಅದರ ಜಾಗದಲ್ಲೇ ಇತ್ತು. ಎಫಿ ಗುಡಿಸಿದಳು. ಮೂಲೆಯಿಂದ ನಡುವಿಗೆ, ನಡುವಿನಿಂದ ಬಾಗಿಲಿಗೆ. ಮೊರದಲ್ಲಿ ಎತ್ತಿ ಹೊರಗೆ ಚೆಲ್ಲಿದಳು. ದೀಪ ಆರಿಸಿದಳು, ಕಿಟಕಿ ನೋಡಿದಳು, ಬೀಗ ಹಾಕಿ ಎಳೆದು ನೋಡಿದಳು. ಕೋಟಿನ ಗುಂಡಿ ಹಾಕಿಕೊಂಡು ಗುಡ್ಡದ ದಾರಿ ಹಿಡಿದಳು.

ಗುಡ್ಡದ ಮೇಲೆ ಗಾಳಿ ಪಾದ್ರಿಯ ಮಾತನ್ನು ಅರ್ಧ ಅರ್ಧ ಹೊತ್ತೊಯ್ಯುತ್ತಿತ್ತು. ಪೆಟ್ಟಿಗೆಯನ್ನು ಇಳಿಸಲು ಹಗ್ಗಗಳಿರುತ್ತವೆ, ಒಂದೊಂದೂ ಒಬ್ಬೊಬ್ಬರ ಕೈಗೆ. ತಲೆಯ ಕಡೆಯದು ಎಫಿಗೆ ಬಂತು. ಇಳಿಸಿ ಎಂದಾಗ ಇಳಿಸಿದಳು, ಬಿಡಿ ಎಂದಾಗ ಬಿಟ್ಟಳು. ಹಗ್ಗ ಅಂಗೈಯಲ್ಲಿ ಜಾರಿಹೋಯಿತು. ಎದುರಿನಲ್ಲಿ ಅಲಿಕ್ ಮೂಗೊರೆಸಿಕೊಳ್ಳುತ್ತಿದ್ದ.

ಎಲ್ಲ ಮುಗಿದು ಜನ ಚದುರುವಾಗ ಟೀನಾ ಅವಳ ತೋಳು ಹಿಡಿದಳು. ಅತ್ತು ಟೀನಾಳ ಮುಖ ಊದಿಕೊಂಡಿತ್ತು. "ಕುರ್ಚಿ ಬೋರಲು ಹಾಕಿ ಬಂದ್ಯಲ್ಲ?"

ಎಫಿ ನೆನಪಿಸಿಕೊಂಡಳು. ಪೊರಕೆ, ಮೊರ, ಕಿಟಕಿ. ನಡುವೆ ನಿಂತಿದ್ದ ಎರಡು ಕುರ್ಚಿಗಳು ಗುಡಿಸಲು ಅಡ್ಡ ಬಂದಿದ್ದವು. ಪ್ರತಿ ಸಲ ಮಾಡುವಂತೆ ಅವನ್ನೆತ್ತಿ, ಗೋಡೆಯ ಬಳಿಯ ಸಾಲಿಗೆ ಸೇರಿಸಿ, ಮೊಣಕಾಲಿನಿಂದ ತಳ್ಳಿ ನೇರ ಮಾಡಿದ್ದಳು.

"ಇಲ್ಲ," ಎಂದಳು. "ಸಾಲಿಗೆ ಸೇರಿಸ್ಬಿಟ್ಟೆ."

"ಏನು?"

"ಗುಡಿಸಿ, ಸಾಲಿಗೆ ಸೇರಿಸ್ದೆ."

ಟೀನಾ ಎಫಿಯ ತೋಳು ಬಿಡದೆ ಗುಡ್ಡ ಇಳಿಯತೊಡಗಿದಳು, ಕುಂಟುಗಾಲಿನಲ್ಲಿ, ಓಡಿದಂತೆ. ಜನ ದಾರಿ ಬಿಟ್ಟು ನಿಂತು ನೋಡಿದರು.

ಎಫಿ ಎಳೆದ ಕಡೆ ಹೋಗುತ್ತಿದ್ದಳು. ಹಾಗಾದರೆ ಮುಂದಿನದು ನಾನು, ಎಂದುಕೊಂಡಳು. ಆ ಯೋಚನೆ, ಬಸ್ಸು ಇವತ್ತು ತಡ ಎಂದು ಯಾರೋ ಹೇಳಿದ ಹಾಗಿತ್ತು. ಹೆದರಿಕೆಯೂ ಇಲ್ಲ, ಬೇಸರವೂ ಇಲ್ಲ. ಅವಳ ಎದೆಗೆ ತಾಗಿದ್ದು ಬೇರೆ: 'ಒಂದೂ ಬಿಡಬಾರದು' ಎಂದಿದ್ದ ವಾಟಿ. ಅದು ತಾಗಿದ್ದೂ ದಪ್ಪ ಕಂಬಳಿಯ ಮೇಲಿನಿಂದ ಯಾರೋ ಬೆರಳೊತ್ತಿದಷ್ಟೇ.

*

ಉಪ್ಪಿನ ಮನೆಯ ಬಾಗಿಲು ಹಾರುಹೊಡೆದಿತ್ತು. ಒಳಗೆ ಹುಡುಗಿಯರ ದಂಡು. ಕುರ್ಚಿಗಳೆಲ್ಲ ಸಾಲುಸಾಲಾಗಿ ಬಂದು ಕೂತಿದ್ದವು, ಒಂದೊಂದಕ್ಕೂ ಬಿಳಿ ಗೌಸು, ಬೆನ್ನಿಗೊಂದು ರಿಬ್ಬನ್ನಿನ ಗಂಟು. ನೂರು ಕುರ್ಚಿ, ಎಲ್ಲ ಒಂದೇ ಥರ.

ಟೀನಾ ಹೊಸ್ತಿಲಲ್ಲಿ ಕ್ಷಣ ನಿಂತಳು. ಆಮೇಲೆ ಕಪ್ಪು ಕೋಟಿನ ತೋಳು ಮೇಲೇರಿಸಿ, ಹಿಂದಿನ ಸಾಲಿನ ಮೊದಲ ಕುರ್ಚಿಯನ್ನು ಹಿಡಿದು ಬೋರಲು ಹಾಕಿದಳು. ಆಮೇಲೆ ಎರಡನೆಯದು. ಆಮೇಲೆ ಮೂರನೆಯದು.

"ಏನ್ ಮಾಡ್ತಿದೀರಿ!" ಮಿಸೆಸ್ ಪೆಲಮ್ ಹೂದಾನಿಯ ಸಮೇತ ಓಡಿ ಬಂದರು. "ಆ ಗಂಟು ಕಟ್ಟೋಕೆ ಇಡೀ ಬೆಳಿಗ್ಗೆ ಹಿಡೀತು!"

"ಮತ್ತೆ ಕಟ್ಕೊಳ್ಳಿ. ಎಲ್ಲ ಬೋರಲಾಗ್ಬೇಕು."

"ಎಲ್ಲ ಅಂದ್ರೆ? ಜನ ಎಲ್ಲಿ ಕೂರ್ತಾರೆ?"

"ನಿಂತ್ಕೊಳ್ಳಲಿ! ಮಣ್ಣಿಗೆ ಬಂದೋರು ನಿಂತಿರಲಿಲ್ವಾ? ಮದುವೆಗೆ ಬಂದೋರಿಗೆ ಕಾಲಿಲ್ವಾ?" ನಾಲ್ಕನೆಯದು ಬಿತ್ತು.

ಟಾಮ್ಸಿನ್ ತಲೆ ತುಂಬ ಕೂದಲು ಗುಂಗುರು ಮಾಡುವ ಸುರುಳಿ ಹಾಕಿಕೊಂಡೇ ಬಂದಳು. "ಯಾಕೆ ಟೀನಾ ಆಂಟಿ? ಏನಾಯ್ತು ಹೇಳಿ."

ಟೀನಾ ಏದುಸಿರು ಬಿಡುತ್ತಾ ಹೇಳಿದಳು. ಕುರ್ಚಿ ನೆಟ್ಟಗುಳಿದರೆ ಏನಾಗುತ್ತದೆಂದು, ಯಾವ ಮನೆಗೆಂದು. ಆ ಮನೆಯಲ್ಲಿ ಯಾರಿದ್ದಾರೆಂದು ಹೇಳುವಾಗ ಐದನೆಯ ಕುರ್ಚಿಯ ಬೆನ್ನು ಹಿಡಿದು ಅದಕ್ಕೇ ಒರಗಿದಳು. ಹುಡುಗಿಯರೆಲ್ಲ ಎಫಿಯ ಕಡೆ ನೋಡಿದರು.

ಎಫಿ ಕುರ್ಚಿಗಳನ್ನು ನೋಡಿದಳು. ಅವನ್ನು ಒರೆಸುತ್ತಾ ಜೋಡಿಸುತ್ತಾ ವರ್ಷಗಳೇ ಕಳೆದಿದ್ದವು. ಒಂದರಿಂದ ಒಂದನ್ನು ಬೇರೆ ಮಾಡುವುದು ಅವಳಿಗೂ ಆಗದು. ಸುರುಳಿ ಹಾಕಿದ ಆ ಹುಡುಗಿಯ ಮುಖ ನೋಡಿದಳು. ಕುರ್ಚಿಗೊರಗಿದ ಟೀನಾಳನ್ನು ನೋಡಿದಳು.

"ಅದು," ಎಂದು ಕಿಟಕಿಯ ಪಕ್ಕದ್ದೊಂದನ್ನು ತೋರಿಸಿದಳು. "ಮತ್ತೆ ಅದರ ಈಚೆಗಿನದು."

"ಗೊತ್ತಾ ನಿಂಗೆ?" ಎಂದಳು ಟೀನಾ.

"ನನ್ನ ಕುರ್ಚಿ ನಂಗೆ ಗೊತ್ತಿಲ್ವಾ?"

ಹೋಗಿ ಎರಡನ್ನೂ ತಾನೇ ಬೋರಲು ಹಾಕಿದಳು. ರಿಬ್ಬನ್ನಿನ ಗಂಟು ನೆಲಕ್ಕೆ ತಾಗಿತು. ಟಾಮ್ಸಿನ್ ಮಿಕ್ಕ ನಾಲ್ಕನ್ನು ಎತ್ತಿ ನಿಲ್ಲಿಸುತ್ತಾ, "ಎಷ್ಟೊತ್ತಿನವರೆಗೆ?" ಎಂದಳು.

"ಸೂರ್ಯ ಮುಳುಗೋವರೆಗೆ."

"ಫೋಟೋದಲ್ಲಿ ಬೀಳುತ್ತೆ," ಎಂದರು ಮಿಸೆಸ್ ಪೆಲಮ್ ಸಣ್ಣಗೆ.

"ಬೀಳ್ಲಿ ಅಮ್ಮ," ಎಂದಳು ಟಾಮ್ಸಿನ್.

ಮದುವೆ ನಡೆಯಿತು. ಎಫಿ ನೋಡಲಿಲ್ಲ. ಮನೆಗೆ ಹೋಗಬಹುದಿತ್ತು, ಊರಿನವರು ಅಲ್ಲಿ ಚಹಾ, ಸ್ಯಾಂಡ್‌ವಿಚ್ಚು, ವಿಸ್ಕಿ ತಂದಿಟ್ಟು ಕಾಯುತ್ತಿದ್ದರು. ಒಂದು ಸಲ ಹೋಗಿ ಎಲ್ಲರ ಕೈ ಕುಲುಕಿ, ಕುರ್ಚಿ ನೋಡಬೇಕೆಂದು ಹಿಂದಿರುಗಿದಳು. ಉಪ್ಪಿನ ಮನೆಯ ಹಿಂದಿನ ಪುಟ್ಟ ಅಡಿಗೆಮನೆಯಲ್ಲಿ ಎಂಜಲು ತಟ್ಟೆಗಳು ಬೆಟ್ಟವಾಗಿದ್ದವು. ಕೋಟು ಕಳಚಿ ತೊಳೆಯಲು ನಿಂತಳು. ಟೀನಾ ಬಂದು ಒರೆಸುವ ಬಟ್ಟೆ ಎತ್ತಿಕೊಂಡಳು. ಗೋಡೆಯಾಚೆ ಪಿಟೀಲು ಶುರುವಾಗಿ ನೆಲ ಅದುರತೊಡಗಿತು.

ತಟ್ಟೆಗಳ ಬೆಟ್ಟ ಅರ್ಧ ಕರಗಿತು.

"ಆ ಕುರ್ಚಿಗಳು ಅವಲ್ಲ, ಅಲ್ವಾ?" ಎಂದಳು ಟೀನಾ.

"ಗೊತ್ತಿಲ್ಲ. ಆಗಿರಲೂಬಹುದು."

"ಸುಳ್ಳು ಹೇಳೋಕೆ ನಿಂಗೆ ಯಾವತ್ತೂ ಬರಲ್ಲ. ಕಿವಿ ಕೆಂಪಾಗುತ್ತೆ."

"ಮದುವೆ ಹುಡುಗಿ, ಟೀನಾ. ಜನ ಎಲ್ಲ ನಿಂತಿರ್ಬೇಕಾ?"

ಟೀನಾ ಒಂದು ತಟ್ಟೆಯನ್ನು ಒಣಗಿದ ಮೇಲೂ ಒರೆಸುತ್ತಿದ್ದಳು. ಎಫಿ ನೀರಿನ ಕಡೆಯೇ ನೋಡುತ್ತಾ ಹೇಳಿದಳು: "ನಂಗೆ ಭಯ ಆಗ್ಲಿಲ್ಲ. ಮುಂದಿನದು ನಾನೇ ಆದ್ರೂ ಪರವಾಗಿಲ್ಲ ಅನ್ನಿಸ್ತು. ಅವನಿಗೆ ಹೇಳಿದ್ದನ್ನ ಕೆಡಿಸ್ದೆ ಅಂತ ಅಷ್ಟೇ. ಅದೂ ಸರಿಯಾಗಿ ಅನ್ನಿಸ್ತಾ ಇಲ್ಲ. ಏನೂ ಅನ್ನಿಸ್ತಾ ಇಲ್ಲ ಟೀನಾ."

"ನಿಂಗೆ ಪರವಾಗಿಲ್ದೆ ಇರಬಹುದು," ಎಂದಳು ಟೀನಾ. ತಟ್ಟೆ ಕೆಳಗಿಟ್ಟಳು. "ನಂಗೆ ಪರವಾ ಇದೆ. ಇವತ್ತಿಂದ ನಿನ್ನ ಮನೇಲೇ ಮಲಗ್ತೀನಿ."

"ಎಷ್ಟು ದಿನ?"

"ವರ್ಷ ತುಂಬೋವರೆಗೆ. ಬರೋದು ಬಾಗಿಲಿಗೆ ಬರ್ಲಿ. ಆ ಮನೇಲಿ ಇಬ್ಬರಿದ್ರೆ ಯಾರನ್ನ ಕರೀಬೇಕು ಅಂತ ಅದಕ್ಕೂ ಗೊಂದಲ ಆಗ್ಲಿ. ವಯಸ್ಸಲ್ಲಿ ನಾನೇ ಮುಂದಿದೀನಿ."

"ನೀನು ಗೊರಕೆ ಹೊಡೀತೀಯ."

"ಹೊಡೀತೀನಿ. ಪಕ್ಕದಲ್ಲಿ ಜೀವ ಇದೆ ಅಂತ ಗೊತ್ತಾಗುತ್ತಲ್ಲ, ಕೇಳಿಸ್ಕೊಂಡು ಬಿದ್ದಿರು."

ಕಿಟಕಿಯಾಚೆ ಬಂದರಿನ ನೀರಿನ ಬಣ್ಣ ಇಳಿಯಿತು. ಟೀನಾ ಬಗ್ಗಿ ಆಕಾಶ ನೋಡಿದಳು, ತಲೆಯಾಡಿಸಿದಳು. ಇಬ್ಬರೂ ಕೈ ಒರೆಸಿಕೊಂಡು ಒಳಗೆ ಹೋದರು.

ಸಭಾಂಗಣ ಕುಣಿತದಲ್ಲಿತ್ತು. ಕಿಟಕಿಯ ಬಳಿ ಎರಡು ಕುರ್ಚಿಗಳು ಬೋರಲು ಬಿದ್ದೇ ಇದ್ದವು. ಕೈಕೈ ಹಿಡಿದು ಸುತ್ತುವವರು ಆ ಕಡೆ ಬಂದಾಗ ಸುತ್ತನ್ನು ಕಿರಿದು ಮಾಡಿಕೊಂಡು ದಾಟುತ್ತಿದ್ದರು. ಟಾಮ್ಸಿನ್ ಎಲ್ಲರಿಗೂ ಹೇಳಿಟ್ಟಿರಬೇಕು. ಎಫಿ ಒಂದನ್ನು ಎತ್ತಿ ನಿಲ್ಲಿಸಿದಳು, ಟೀನಾ ಇನ್ನೊಂದನ್ನು. ಟೀನಾಳ ಕೈಯ ಕುರ್ಚಿ ನೆಟ್ಟಗಾಗುವುದೇ ತಡ, ಬೆವರಿಳಿಸುತ್ತಾ ಬಂದ ದಪ್ಪನೆಯ ನೆಂಟನೊಬ್ಬ "ಅಬ್ಬ, ಬದುಕಿದೆ," ಎಂದು ಅದರಲ್ಲಿ ಕುಕ್ಕರಿಸಿದ.

"ಬದುಕಪ್ಪ," ಎಂದಳು ಟೀನಾ. ಎಫಿಯ ಭುಜ ಹಿಡಿದು ಮತ್ತೊಂದರಲ್ಲಿ ಕೂರಿಸಿದಳು.

ಎಫಿ ಕೂತಳು. ಇಡೀ ದಿನದಲ್ಲಿ ಅವಳು ಕೂತದ್ದು ಅದೇ ಮೊದಲು. ಎದುರಿಗೆ ಬಿಳಿ ಲಂಗ, ಬಣ್ಣದ ಲಂಗ, ಬೂಟುಗಳು ಸುತ್ತುತ್ತಿದ್ದವು. ಕೆಳಗೆ ನೋಡಿಕೊಂಡಳು. ಮಣ್ಣಿಗೆಂದು ಹಾಕಿಕೊಂಡ ಕಪ್ಪು ಬೂಟು ಹೊಸದು, ಬಿಗಿ.

"ಕಾಲು ನೋಯ್ತಿದೆ," ಎಂದಳು.

"ಏನಂದೆ?" ಪಿಟೀಲಿನ ಗದ್ದಲದಲ್ಲಿ ಟೀನಾ ಕಿವಿ ಹತ್ತಿರ ತಂದಳು.

"ಕಾಲು. ತುಂಬ ನೋಯ್ತಿದೆ ಟೀನಾ."

ಟೀನಾ ಅವಳ ಮುಖವನ್ನೇ ನೋಡಿದಳು. ಆಮೇಲೆ ಕಿಟಕಿಯ ಕಲ್ಲು ಹಿಡಿದು, ಹಾಳು ಮೊಣಕಾಲಿಗೊಂದು ಬೈಗುಳ ಕೊಟ್ಟು, ಕುಣಿಯುವವರ ಕಾಲುಗಳ ನಡುವೆ ನೆಲಕ್ಕೆ ಮಂಡಿಯೂರಿ, ಬೂಟಿನ ಗಂಟು ಬಿಚ್ಚತೊಡಗಿದಳು.